ಯಂತ್ರ ಕೆಟ್ಟಿತೋ, ಆಜ್ಞೆ ಕೆಟ್ಟಿತೋ?

ಅಮೆರಿಕದ ಹೆದ್ದಾರಿಗಳಲ್ಲಿ ಮನೆಯನ್ನೇ ಹೊತ್ತು ತಿರುಗುವ ವಾಹನಗಳುಂಟು. ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಅದರೊಳಗೇ. ಅಲ್ಲಿಯವರು ಇದನ್ನು ಚುಟುಕಾಗಿ ‘ಆರ್.ವಿ.’ ಎನ್ನುತ್ತಾರೆ. ನಿವೃತ್ತ ದಂಪತಿಗಳು ತಿಂಗಳುಗಟ್ಟಲೆ ಇದರಲ್ಲೇ ಸಂಚರಿಸುವುದೂ ಉಂಟು. ಇಂಥ ವಾಹನದ ಛಾವಣಿಯ ಮೇಲೆ ಕಾಣುವ ಚಪ್ಪಟೆ ಪೆಟ್ಟಿಗೆಯೇ ಅದರ ಏರ್ ಕಂಡೀಷನರ್. ಅರಿಜೋನಾದ ಮರುಭೂಮಿಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅಂಥ ನಡುಹಗಲಿನಲ್ಲಿ ಈ ಪೆಟ್ಟಿಗೆ ನಿಂತುಹೋದರೆ ವಾಹನದ ಒಳಗು ಬೇಗನೆ ಒಲೆಯಂತಾಗುತ್ತದೆ. ಒಳಗೆ ವೃದ್ಧರೋ ಮಕ್ಕಳೋ ಇದ್ದರೆ ಪ್ರಾಣಕ್ಕೇ ಕುತ್ತು.

ಆಗ ಮೊದಲು ಮಾಡಬೇಕಾದದ್ದು, ಒಳಗಿದ್ದವರನ್ನು ನೆರಳಿಗೆ, ತಂಪಿಗೆ ಕಳಿಸುವುದು. ಅನಂತರ ದೋಷ ಹುಡುಕುವುದು. ಹೀಗೆ ಹುಡುಕುವಾಗ ‘ಕಂಪ್ರೆಸರ್ ಹೋಯಿತು’ ಎಂದು ಒಮ್ಮೆಲೇ ತೀರ್ಮಾನಿಸಿ ಇಡೀ ಯಂತ್ರವನ್ನೇ ಬದಲಿಸಲು ಹೊರಡುವವರಿದ್ದಾರೆ. ಕೆಟ್ಟಿರುವುದು ಒಂದು ಚಿಕ್ಕ ಫ್ಯೂಸ್ ಮಾತ್ರ ಆಗಿರಬಹುದು. ಅದನ್ನು ಪತ್ತೆಮಾಡಲು ನೀವು ತರಗತಿಯಲ್ಲಿ ಕಲಿತ ಭೌತವಿಜ್ಞಾನವೇ ಸಾಕು. ಕ್ರಮ ಮಾತ್ರ ತಪ್ಪಬಾರದು.

ಎರಡು ವಿದ್ಯುತ್, ಒಂದು ಯಂತ್ರ

ಗೋಡೆಯ ಮೇಲೆ ಥರ್ಮೊಸ್ಟ್ಯಾಟ್ ಇರುವ ಮಾದರಿಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ವಿದ್ಯುತ್ ಬೇಕು. ಫ್ಯಾನ್ ಮತ್ತು ಕಂಪ್ರೆಸರನ್ನು ಓಡಿಸುವುದು ತಂಗುದಾಣದ ಕಂಬದಿಂದಲೋ ಜನರೇಟರಿನಿಂದಲೋ ಬರುವ 120 ವೋಲ್ಟಿನ ಪರ್ಯಾಯ ವಿದ್ಯುತ್. ಥರ್ಮೊಸ್ಟ್ಯಾಟಿಗೂ ನಿಯಂತ್ರಣ ಫಲಕಕ್ಕೂ ಬೇಕಾದದ್ದು ವಾಹನದ ಬ್ಯಾಟರಿ ಕಡೆಯಿಂದ ಬರುವ 12 ವೋಲ್ಟಿನ ನೇರ ವಿದ್ಯುತ್. ಒಂದು ದುಡಿಯುವ ವಿದ್ಯುತ್, ಇನ್ನೊಂದು ಆಜ್ಞೆ ಕೊಡುವ ವಿದ್ಯುತ್.

ಇವೆರಡರ ನಡುವಿನ ಕೊಂಡಿ ರಿಲೇ. ದೂರದರ್ಶನದ ಸ್ಟುಡಿಯೋದಲ್ಲಿ ನಿರ್ಮಾಪಕ ಕುಳಿತಿರುವುದು ಗಾಜಿನಾಚೆಯ ಕೋಣೆಯಲ್ಲಿ. ಅವನ ಮಾತು ಅತಿಥಿಗೆ ಕೇಳಿಸದು. ಫ್ಲೋರ್ ಮ್ಯಾನೇಜರ್ ಅದನ್ನು ಕೇಳಿಸಿಕೊಂಡು ಕೈಸನ್ನೆ ಮಾಡುತ್ತಾನೆ. ಆಗ ಅತಿಥಿ ಮಾತು ಆರಂಭಿಸುತ್ತಾರೆ. ರಿಲೇಯ ಕೆಲಸವೂ ಹಾಗೆಯೇ. 12 ವೋಲ್ಟಿನ ಸಣ್ಣ ಪ್ರವಾಹ ಒಂದು ಸುರುಳಿಯನ್ನು ಕಾಂತವಾಗಿಸುತ್ತದೆ. ಆ ಕಾಂತ ಸೆಳೆದಾಗ 120 ವೋಲ್ಟಿನ ಸಂಪರ್ಕ ಕೂಡುತ್ತದೆ.

ಮೂರು ಪ್ರಶ್ನೆಗಳು

ಮೊದಲನೆಯದು: ಥರ್ಮೊಸ್ಟ್ಯಾಟಿನ ಮೇಲೆ ಅಂಕಿಗಳು ಕಾಣುತ್ತಿವೆಯೇ? ಕಾಣದಿದ್ದರೆ ಛಾವಣಿ ಹತ್ತುವ ಅಗತ್ಯವೇ ಇಲ್ಲ. ಮೊದಲು 12 ವೋಲ್ಟಿನ ಫ್ಯೂಸ್, ಬ್ಯಾಟರಿ, ಸಡಿಲವಾದ ತಂತಿ ಇವನ್ನು ನೋಡಬೇಕು. ಹೊರಗಿನ 120 ವೋಲ್ಟ್ ಸರಿಯಾಗಿಯೇ ಬರುತ್ತಿದ್ದರೂ, ಆಜ್ಞೆ ಇಲ್ಲದೆ ಯಂತ್ರ ಕದಲದು.

ಎರಡನೆಯದು: ಫ್ಯಾನ್ ಮಾತ್ರ ಓಡಿಸಿದರೆ ತಿರುಗುತ್ತದೆಯೇ? ಅಂಕಿ ಕಾಣುತ್ತಿದ್ದೂ ಫ್ಯಾನ್ ತಿರುಗದಿದ್ದರೆ 120 ವೋಲ್ಟಿನ ಸರ್ಕಿಟ್ ಬ್ರೇಕರ್ ಬಿದ್ದಿರಬಹುದು. ಇಲ್ಲವೇ ರಿಲೇ ಕೂಡುತ್ತಿಲ್ಲ, ಅಥವಾ ಫ್ಯಾನಿನ ಮೋಟಾರೋ ಅದರ ಕೆಪಾಸಿಟರೋ ಕೆಟ್ಟಿದೆ.

ಮೂರನೆಯದು: ಫ್ಯಾನ್ ತಿರುಗಿದರೂ ಗಾಳಿ ತಣ್ಣಗಿಲ್ಲವೇ? ಆಗ ಸ್ವಲ್ಪ ಕಾಯಬೇಕು. ಕಂಪ್ರೆಸರ್ ಒಮ್ಮೆ ನಿಂತ ಮೇಲೆ ಕೊಳವೆಗಳೊಳಗಿನ ಒತ್ತಡ ಸಮನಾಗಲು ನಿಯಂತ್ರಣ ಫಲಕ ಕೆಲವು ನಿಮಿಷ ಬಿಡುವು ಕೊಡುತ್ತದೆ. ಇದು ದೋಷವಲ್ಲ, ರಕ್ಷಣೆ. ಸೋಸುಬಲೆಯಲ್ಲಿ ಧೂಳು ಕಟ್ಟಿದ್ದರೂ ತೊಂದರೆಯೇ. ಗಾಳಿ ಸಾಲದೆ ತಂಪು ಸುರುಳಿಯ ಮೇಲೆ ಮಂಜುಗಡ್ಡೆ ಬೆಳೆಯುತ್ತದೆ. ಅಲ್ಲಿರುವ ಉಷ್ಣಗ್ರಾಹಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಬಲೆ ತೊಳೆದು ಒಣಗಿಸಿ ಹಾಕಿದರೆ, ಮಂಜು ಕರಗಿದ ಮೇಲೆ ಯಂತ್ರ ಮತ್ತೆ ಹೊರಡುತ್ತದೆ.

ಗುಂಯ್‌ಗುಡುವ ಕಂಪ್ರೆಸರ್

ಕಂಪ್ರೆಸರ್ ಗುಂಯ್ ಎಂದು ಸದ್ದು ಮಾಡಿ, ಕೆಲವೇ ಕ್ಷಣಗಳಲ್ಲಿ ಸುಮ್ಮನಾಗುವುದು ಇನ್ನೊಂದು ಲಕ್ಷಣ. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ ಹೀಗೆ ಗುಂಯ್‌ಗುಟ್ಟುವುದನ್ನು ನೀವು ಕೇಳಿರಬಹುದು. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವ ಸೀಲಿಂಗ್ ಫ್ಯಾನನ್ನೂ ನೋಡಿರಬಹುದು. ಒಂದೇ ಫೇಸಿನ ಮೋಟಾರಿಗೆ ತಾನಾಗಿ ಹೊರಡುವ ಶಕ್ತಿ ಇಲ್ಲ. ಎರಡನೆಯ ಸುರುಳಿಯ ಪ್ರವಾಹವನ್ನು ಹಿಂದುಮುಂದಾಗಿಸಿ ಮೋಟಾರಿಗೆ ಮೊದಲ ತಳ್ಳು ಕೊಡುವುದು ಕೆಪಾಸಿಟರ್. ಅದು ಸೊರಗಿದರೆ ಮೋಟಾರು ನಿಂತಲ್ಲೇ ನಿಂತು ಭಾರಿ ಪ್ರವಾಹ ಎಳೆಯುತ್ತದೆ. ಆಗ ರಕ್ಷಕ ಸ್ವಿಚ್ ಬಿಸಿಯಾಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ.

ಆದರೆ ಕೆಪಾಸಿಟರ್ ಸರಿಯಿದ್ದೂ ಹೀಗಾಗಬಹುದು. ಕಂಬದಿಂದ ವಾಹನಕ್ಕೆ ಎಳೆದ ಉದ್ದನೆಯ ತೆಳು ತಂತಿಯ ಒಟ್ಟು ರೋಧ 0.5 ಓಮ್ ಎಂದುಕೊಳ್ಳೋಣ. ಫ್ಯಾನ್ ಮಾತ್ರ ಓಡುವಾಗ ಪ್ರವಾಹ ಸುಮಾರು 3 ಆಂಪೇರ್. ಓಮನ ನಿಯಮದಂತೆ ತಂತಿಯಲ್ಲಿ ನಷ್ಟವಾಗುವುದು 1.5 ವೋಲ್ಟ್ ಅಷ್ಟೆ. ಮೀಟರ್ 118.5 ತೋರಿಸುತ್ತದೆ, ‘ವೋಲ್ಟೇಜ್ ಸರಿಯಾಗಿದೆ’ ಎಂದು ನಾವು ನಂಬುತ್ತೇವೆ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ 50 ಆಂಪೇರ್ ಎಳೆಯಿತೆನ್ನಿ. ಆಗ ನಷ್ಟ 25 ವೋಲ್ಟ್, ಉಳಿದದ್ದು 95. ಇಂಥ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 95ನ್ನು 120ರಿಂದ ಭಾಗಿಸಿ ವರ್ಗ ಮಾಡಿ ನೋಡಿ: ಬಲ ಶೇಕಡಾ 63ಕ್ಕೆ ಇಳಿಯಿತು! ಆದ್ದರಿಂದ ವೋಲ್ಟೇಜನ್ನು ಅಳೆಯಬೇಕಾದದ್ದು ಯಂತ್ರ ಸುಮ್ಮನಿದ್ದಾಗಲ್ಲ, ಹೊರೆ ಹೊತ್ತಾಗ. ಇಲ್ಲಿ ಬದಲಿಸಬೇಕಾದದ್ದು ಕಂಪ್ರೆಸರನ್ನಲ್ಲ, ತಂತಿಯನ್ನು.

ಕೈ ಹಾಕುವ ಮುನ್ನ

ಒಂದು ಎಚ್ಚರಿಕೆ. ಮೇಲಿನ ಪೆಟ್ಟಿಗೆ ತೆರೆಯುವುದು ತರಬೇತಿ ಪಡೆದವರ ಕೆಲಸ. ವಿದ್ಯುತ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಆವೇಶ ಉಳಿದಿರಬಹುದು. 40 ಮೈಕ್ರೋಫ್ಯಾರಡಿನ ಕೆಪಾಸಿಟರ್ 300 ವೋಲ್ಟಿನಲ್ಲಿ 1.8 ಜೂಲ್ ಶಕ್ತಿ ಹಿಡಿದಿರುತ್ತದೆ. ಅಂಕಿ ಚಿಕ್ಕದಾಗಿ ಕಂಡರೂ ಆ ಹೊಡೆತಕ್ಕೆ ಬೆಚ್ಚಿ ಛಾವಣಿಯಿಂದ ಬಿದ್ದರೆ ಗತಿಯೇನು? ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಕೆಟ್ಟದ್ದು. ತಿಳಿದವರು ಸೂಕ್ತ ರೋಧಕದ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಿಂದ ಖಚಿತಪಡಿಸಿಕೊಂಡ ಬಳಿಕವೇ ಮುಟ್ಟುತ್ತಾರೆ.

ಹಾಗಾದರೆ ನಿಮ್ಮ ಪಾಲಿನ ಕೆಲಸವೇನು? ನೋಡುವುದು, ಕೇಳುವುದು, ಬರೆದಿಟ್ಟುಕೊಳ್ಳುವುದು. ಅಂಕಿ ಕಾಣಿಸಿತೇ, ಫ್ಯಾನ್ ತಿರುಗಿತೇ, ಗುಂಯ್ ಎಂದಿತೇ? ಈ ಮೂರು ಉತ್ತರಗಳನ್ನು ಕ್ರಮವಾಗಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ನೆಲದ ಮೇಲೆಯೇ ಮುಗಿದಂತೆ. ನಿಮ್ಮ ಮನೆಯ ಮಿಕ್ಸಿ, ಪಂಪ್, ಫ್ಯಾನ್ ಯಾವುದೇ ಇರಲಿ, ಮುಂದಿನ ಸಲ ನಿಂತಾಗ ‘ಏನು ಬದಲಿಸಬೇಕು?’ ಎಂದು ಕೇಳಬೇಡಿ. ‘ವಿದ್ಯುತ್ ಎಲ್ಲಿಯವರೆಗೆ ಬಂದಿದೆ?’ ಎಂದು ಕೇಳಿ.