ಸುಭಾಸ ರಸ್ತೆಯ ಅಟ್ಟ, ನಮ್ಮ ಮನೆಯ ಮಾಡ

ಊರಿನ ಹಿರಿಮೆಯನ್ನು ಅಲ್ಲಿಯ ಮಠ-ಮಂದಿರಗಳಿಂದಲೂ ವಿದ್ಯಾಲಯಗಳಿಂದಲೂ ಅಳೆಯುವುದು ರೂಢಿ. ಆದರೆ ಆ ಊರು ಹೇಗೆ ಬಾಳಿತೆಂಬುದನ್ನು ಅರಿಯಬೇಕಾದರೆ ಹಿರಿಯರೊಬ್ಬರ ಕೈಹಿಡಿದು ಅದರ ಪೇಟೆಬೀದಿಯಲ್ಲಿ ನಡೆಯಬೇಕು. ಧಾರವಾಡದ ಸುಭಾಸ ರಸ್ತೆಯನ್ನು ನಾವು ಮೊದಲು ಕಂಡುದು ಹಾಗೆಯೇ. 1950ರ ದಶಕದ ಕೊನೆಯ ವರ್ಷಗಳಲ್ಲಿ, ಈಗ ಲಿಂಗೈಕ್ಯರಾಗಿರುವ ನಮ್ಮ ತೀರ್ಥರೂಪರ ಕೈಹಿಡಿದು.

ತೀರ್ಥರೂಪರು ನವಲಗುಂದ ಕಡೆಯ ಹಳ್ಳಿಯವರು. ಓದಲೆಂದು ಧಾರವಾಡಕ್ಕೆ ಬಂದಾಗ ಅವರ ಬಳಿ ಇದ್ದುದು ಎರಡು ಜೊತೆ ಬಟ್ಟೆ ಮತ್ತು ತಾಯಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ. ಬುತ್ತಿ ನಾಲ್ಕು ದಿನಕ್ಕೆ ತೀರಿತು. ಮುಂದೆ ಅವರನ್ನು ಸಲಹಿದುದು ಮುರುಘಾಮಠದ ಪ್ರಸಾದ. ಪೂಜ್ಯ ಮೃತ್ಯುಂಜಯ ಅಪ್ಪಗಳವರ ಕೃಪಾಛಾಯೆಯಲ್ಲಿ ಉಂಡು ಓದಿದ ಹಳ್ಳಿಯ ಬಡಮಕ್ಕಳು ಅದೆಷ್ಟೋ ಮಂದಿ. “ಮಠ ನನಗೆ ಅನ್ನ ಕೊಟ್ಟಿತು, ಈ ರಸ್ತೆ ಪುಸ್ತಕ ಕೊಟ್ಟಿತು. ಎರಡರ ಋಣವೂ ತೀರಲಿಲ್ಲ” ಎಂದು ಅವರು ಹೇಳುತ್ತಿದ್ದುದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಅಂದಿನ ಸುಭಾಸ ರಸ್ತೆಯಲ್ಲಿ ಟಾಂಗಾಗಳ ಗೆಜ್ಜೆಯ ಸಪ್ಪಳ. ಸಂತೆಯ ದಿನ ಹಳ್ಳಿಯ ಚಕ್ಕಡಿಗಳು. ಹೊಸ ನಾಣ್ಯಪದ್ಧತಿ 1957ರಲ್ಲಿ ಬಂದಿದ್ದರೂ ಅಂಗಡಿಯವರ ಬಾಯಲ್ಲಿ ಇನ್ನೂ ಆಣೆಯ ಲೆಕ್ಕ. ರೊಟ್ಟಿ-ಪಲ್ಯದ ಖಾನಾವಳಿ, ಜವಳಿಯ ಅಂಗಡಿ, ಕಿರಾಣಿ ಇವುಗಳ ನಡುವೆ ಲಕ್ಷ್ಮೀಭವನ ಎಂಬ ಕಟ್ಟಡ. ತೀರ್ಥರೂಪರು ಅದರ ಎದುರು ನಿಂತು, ಮೇಲೆ ಕೈದೋರಿ, “ಅದೇ ಅಟ್ಟ” ಎಂದರು. ಬಾಲಕರಾದ ನಮಗೆ ಅಟ್ಟವೆಂದರೆ ಕಾಳುಕಡಿ ಇಡುವ ಜಾಗ. ಅಲ್ಲಿ ನೋಡಲು ಏನಿದೆ ಎಂದು ತಿಳಿಯಲಿಲ್ಲ.

ಅದು ಮನೋಹರ ಗ್ರಂಥಮಾಲೆಯ ಅಟ್ಟ. ‘ಜಡಭರತ’ರೆಂದು ಹೆಸರಾದ ಜಿ.ಬಿ. ಜೋಶಿಯವರು 1933ರಲ್ಲಿ ಈ ಪ್ರಕಾಶನವನ್ನು ಪ್ರಾರಂಭಿಸಿದರು. ವರಕವಿ ಬೇಂದ್ರೆಯವರ ಬೆಂಬಲ ಅದಕ್ಕಿತ್ತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿಯ ಮಾತುಕತೆಯ ಜೀವಾಳವಾದರು. ಹೊಸ ಲೇಖಕನ ಹಸ್ತಪ್ರತಿಯನ್ನು ಓದಿ, ತಿದ್ದಿ, ಧೈರ್ಯ ತುಂಬುವ ಕೆಲಸ ಆ ಅಟ್ಟದಲ್ಲಿ ನಡೆಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾದುದು ಇಲ್ಲಿಂದಲೇ. ಆ ತರುಣರಿಗೆ 1998ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದಾಗ ತೀರ್ಥರೂಪರು ಪತ್ರಿಕೆಯನ್ನು ಹಿಡಿದು, “ನಮ್ಮ ಅಟ್ಟದ ಹುಡುಗ” ಎಂದು ನಕ್ಕಿದ್ದರು.

ಇದೆಲ್ಲ ಯಾವ ಬಲದಿಂದ ನಡೆಯಿತು? 1956ರ ನವೆಂಬರ್ 1ರವರೆಗೆ ಧಾರವಾಡವು ಮುಂಬಯಿ ರಾಜ್ಯದಲ್ಲಿತ್ತು. ಕನ್ನಡಕ್ಕೆ ರಾಜಾಶ್ರಯವಿಲ್ಲದ ಆ ಕಾಲದಲ್ಲಿ ನಾಡಿನ ಜನರೇ ಅದಕ್ಕೆ ಆಸರೆಯಾಗಬೇಕಾಗಿತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಹೀಗೆಯೇ ಬೆಳೆಯಿತು. ಗ್ರಂಥಮಾಲೆಗೆ ಆಧಾರವಾದವರು ಅದರ ಚಂದಾದಾರರು. ಮಾಸ್ತರರು, ಕಾರಕೂನರು, ಒಕ್ಕಲುತನದ ಮನೆಯವರು ಮುಂಗಡವಾಗಿ ಚಂದಾ ಕಳುಹಿಸುವರು. ಪುಸ್ತಕಗಳು ಟಪಾಲಿನಲ್ಲಿ ಬರುವವು. ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ, ಅಕ್ಷರವನ್ನು ನಿಲ್ಲಿಸುವುದೂ ಹೌದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಮುರುಘಾಮಠವೂ ತನ್ನದೇ ಗ್ರಂಥಮಾಲೆಯನ್ನು ನಡೆಸಿ ಶರಣಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿತು.

ನಮ್ಮ ಮನೆಯ ಗೋಡೆಯಲ್ಲಿ ಎರಡು ಮಾಡಗಳಿದ್ದವು. ಒಂದರಲ್ಲಿ ವಿಭೂತಿ, ದೀಪ. ಇನ್ನೊಂದರಲ್ಲಿ ಆ ಪುಸ್ತಕಗಳು. ಮಾತೋಶ್ರೀಯವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಪ್ರತಿ ಸೋಮವಾರ ಎರಡನ್ನೂ ಒರಸಿ ಇಡುತ್ತಿದ್ದರು.

ಇನ್ನು ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಹಳೆಯ ಮನೆಯನ್ನು ಕೆಡವಿ ಕಟ್ಟಿಸಿದೆವು. ಹೊಸ ಗೋಡೆಯಲ್ಲಿ ಮಾಡಕ್ಕೆ ಎಡೆಯಿರಲಿಲ್ಲ. ಗೆದ್ದಲು ಹಿಡಿದೀತೆಂಬ ನೆವದಿಂದ ಆ ಪುಸ್ತಕಗಳನ್ನೆಲ್ಲ ತೂಕಕ್ಕೆ ಹಾಕಿ ರದ್ದಿಗೆ ಕೊಟ್ಟೆವು. ವರ್ಷಗಳ ತರುವಾಯ ಮೊಮ್ಮಗಳು ಬಂದು, “ಮುತ್ತಜ್ಜ ಓದಿದ ಪುಸ್ತಕ ಒಂದಾದರೂ ಐತೇನ್ ಅಜ್ಜಾ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಅವಳನ್ನು ಸುಭಾಸ ರಸ್ತೆಗೆ ಕರೆದೊಯ್ದೆವು. ಟಾಂಗಾಗಳಿಲ್ಲ, ವಾಹನಗಳ ದಟ್ಟಣೆಯಲ್ಲಿ ನಿಲ್ಲುವುದೂ ಕಷ್ಟ. ಆದರೂ ತೀರ್ಥರೂಪರಂತೆ ಮೇಲೆ ಕೈದೋರಿ, “ಅದೇ ಅಟ್ಟ” ಎಂದೆವು. ಬಳಿಕ ಅವಳಿಗೊಂದು ‘ಯಯಾತಿ’ಯನ್ನು ಕೊಂಡುಕೊಟ್ಟೆವು. ಹೋದುದೆಲ್ಲ ಅದರಿಂದ ಮರಳಲಿಲ್ಲ. ಮಾಡ ಮಾತ್ರ ಪೂರ್ತಿ ಬರಿದಾಗಿ ಉಳಿಯಲಿಲ್ಲ.

ಬೀದಿಗಳು ಅಗಲವಾಗುವವು, ಕಟ್ಟಡಗಳು ಬದಲಾಗುವವು. ಅದನ್ನು ತಡೆಯುವುದು ನಮ್ಮಿಂದಾಗದು. ಆದರೆ ಆ ಬೀದಿಯಲ್ಲಿ ನಡೆದ ಹಿರಿಯರು ಇನ್ನೂ ಕೆಲವರು ನಮ್ಮ ಮನೆಗಳಲ್ಲಿದ್ದಾರೆ. ಸದ್ಭಕ್ತರಾದ ಓದುಗರು ಅವರ ಬಳಿ ಒಂದು ಸಂಜೆ ಕುಳಿತು ಕೇಳಲಿ. ಕೇಳಿದುದನ್ನು ಒಂದು ವಹಿಯಲ್ಲಿ ಬರೆದಿಡಲಿ. ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವ ಮೊದಲು ಅದರ ಮೊದಲ ಪುಟವನ್ನೊಮ್ಮೆ ತೆರೆದು ನೋಡಲಿ. ಅಲ್ಲಿ ಅಜ್ಜನ ಸಹಿ ಇದ್ದೀತು.