ಗಡಿ ಬೇರೆಯಾಗಿದ್ದರೆ? 1799ರ ಮೈಸೂರು ಹಂಚಿಕೆಯ ಕುರಿತು ಒಂದು ಚಿಂತನೆ

ತುಮಕೂರು ರಸ್ತೆಯಲ್ಲಿ ಶಿವಗಂಗೆಯ ಕಡೆಗೆ ತಿರುಗುವಲ್ಲಿರುವ ದಾಬಸ್‌ಪೇಟೆಯ ಹೆಸರನ್ನು ನಮ್ಮ ಭಕ್ತಾದಿಗಳು ದಿನಕ್ಕೆ ಹತ್ತು ಸಲವಾದರೂ ಉಚ್ಚರಿಸುತ್ತಾರೆ. ಈ ‘ದಾಬಸ್’ ಯಾರೆಂದು ಕೇಳುವವರು ವಿರಳ. ಮೈಸೂರನ್ನು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರದು. ಗಂಗಾಧರೇಶ್ವರನ ಬೆಟ್ಟದ ನೆರಳಿನ ಪೇಟೆಗೆ ಆಂಗ್ಲನೊಬ್ಬನ ಹೆಸರು ಅಂಟಿಕೊಂಡ ಬಗೆಯನ್ನು ಹುಡುಕಹೊರಟರೆ ನಾವು 1799ಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟೀಪು ಸುಲ್ತಾನನು ಮಡಿದನು. ಏಳು ವರ್ಷಗಳ ಹಿಂದೆ, 1792ರ ಒಪ್ಪಂದದಲ್ಲಿ, ಅವನ ರಾಜ್ಯದ ಅರ್ಧಭಾಗ ಆಗಲೇ ಕೈಬಿಟ್ಟಿತ್ತು. ಉಳಿದರ್ಧವನ್ನು ಹಂಚಲು ಕಂಪನಿಯವರು ಒಂದು ಆಯೋಗವನ್ನು ಕೂರಿಸಿದರು. ಕನ್ನಡ ಮತ್ತು ಕೊಯಮತ್ತೂರು ಸೀಮೆಗಳು ಕಂಪನಿಗೆ, ಗುತ್ತಿ ಮೊದಲಾದವು ನಿಜಾಮನಿಗೆ, ನಡುವಣ ನಾಡು ಐದು ವಯಸ್ಸಿನ ಬಾಲಕ ಕೃಷ್ಣರಾಜ ಒಡೆಯರಿಗೆ. ಸೀಮೆಸೀಮೆಯ ಕಂದಾಯವನ್ನು ಲೆಕ್ಕ ಹಾಕಿ ತೂಗಿಕೊಟ್ಟ ಹಂಚಿಕೆಯಿದು; ಯಾವ ಊರಿನಲ್ಲಿ ಯಾವ ನುಡಿಯೆಂಬುದು ಆ ತಕ್ಕಡಿಗೆ ಬರಲೇ ಇಲ್ಲ. ಒಡೆಯರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕು. ಅದಕ್ಕೆ ಭಂಗ ಬರುವಂತೆ ತೋರಿದರೆ ಕಂಪನಿಯು ಆಡಳಿತವನ್ನೇ ವಹಿಸಿಕೊಳ್ಳಬಹುದು ಎಂಬ ಷರತ್ತೂ ಇದ್ದಿತು. ನಗರದ ರೈತರ ದಂಗೆಯಾದ ಮೇಲೆ 1831ರಲ್ಲಿ ಅದೇ ಷರತ್ತನ್ನು ಮುಂದಿಟ್ಟು ರಾಜ್ಯವನ್ನು ಕೈಗೆ ತೆಗೆದುಕೊಂಡರು. ಡಾಬ್ಸನು ಬಂದದ್ದು ಆ ಬಾಗಿಲಿನಿಂದ. ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಈಗ ಕೊಂಚ ಕಲ್ಪನೆಗೆ ಅವಕಾಶ ಕೊಡೋಣ. ಹಂಚಿಕೆಯ ಆಯೋಗಕ್ಕೆ ಕಾರ್ಯದರ್ಶಿಗಳಾಗಿದ್ದ ಇಬ್ಬರಲ್ಲಿ ಥಾಮಸ್ ಮನ್ರೋ ಒಬ್ಬ. ಮೈಸೂರೆಂಬ ಪ್ರತ್ಯೇಕ ರಾಜ್ಯವೇ ಬೇಡ, ಮರೆತುಹೋದ ಮನೆತನದ ಮಗುವನ್ನು ಹುಡುಕಿ ತಂದು ಪಟ್ಟಕ್ಕೆ ಕೂರಿಸುವುದೇಕೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಅವನ ಮಾತು ನಡೆದಿದ್ದರೆ? ಬೆಂಗಳೂರು ಮದರಾಸಿನ ಒಂದು ಜಿಲ್ಲಾ ಕೇಂದ್ರವಾಗಿರುತ್ತಿತ್ತು. ಶಿವಗಂಗೆಯ ಮಠದವರು ತಮ್ಮ ಅಹವಾಲನ್ನು ಸಮುದ್ರತೀರದ ಕಚೇರಿಗೆ ಹೊರಬೇಕಾಗುತ್ತಿತ್ತು. 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತಲೆಯೆತ್ತಲು ಕನ್ನಡದ್ದೆನ್ನುವ ಒಂದು ಅರಮನೆಯೂ ಇರುತ್ತಿರಲಿಲ್ಲ. ಸುತ್ತಲೂ ಕತ್ತರಿಸಿ ಉಳಿಸಿದ ಆ ತುಂಡುನಾಡಿಗೆ ನಾವು ಪಟ್ಟಿರುವ ಋಣ ಸಣ್ಣದಲ್ಲ.

ಇನ್ನೊಂದು ಕಲ್ಪನೆ, ಕರಾವಳಿಯನ್ನು ಮೈಸೂರಿಗೇ ಬಿಟ್ಟಿದ್ದರೆ ಎಂಬುದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಹಂಬಲಿಸಿದರು. ಭಟ್ಕಳ ಮುಂಬಯಿ ಪ್ರಾಂತದ್ದು, ಕೈಗೂಡಲಿಲ್ಲ. ಮಂಗಳೂರು ನಮ್ಮದೇ ಆಗಿದ್ದರೆ ಕಾಫಿ ಮೆಣಸುಗಳ ವ್ಯಾಪಾರ ಬೇರೆ ದಾರಿ ಹಿಡಿಯುತ್ತಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಗುವ ಪ್ರಶ್ನೆಯೂ ಹೀಗೆ ಏಳುತ್ತಿರಲಿಲ್ಲವೇನೋ. ಆದರೆ ಫ್ರೆಂಚರ ಹಡಗುಗಳಿಗೆ ಅಂಜಿದ್ದ ಕಂಪನಿಯು ಸಮುದ್ರದ ಬಾಗಿಲನ್ನು ಇನ್ನೊಬ್ಬರ ಕೈಗೆ ಕೊಡುವುದು ಅಸಂಭವ. ಈ ಕನಸನ್ನು ಕನಸೆಂದೇ ಬಿಡುವುದು ಲೇಸು.

ಮೂರನೆಯದು ಕೂದಲೆಳೆಯಲ್ಲಿ ತಪ್ಪಿದ್ದು. ಹರಪನಹಳ್ಳಿ, ಸೋಂದೆ ಮೊದಲಾದ ಸೀಮೆಗಳನ್ನು ಕಂಪನಿಯು ಪೇಶ್ವೆಗೆ ಕೊಡಲು ಬಂದಿತ್ತು. ಅದರ ಷರತ್ತುಗಳು ಒಗ್ಗದೆ ಪೇಶ್ವೆ ಒಲ್ಲೆನೆಂದ. ಆ ಪಾಲನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡರು. ನಿಜಾಮನು ಎರಡು ಯುದ್ಧಗಳಿಂದ ತನಗೆ ಬಂದುದನ್ನು 1800ರಲ್ಲಿ ಕಂಪನಿಗೇ ಬಿಟ್ಟುಕೊಟ್ಟನು. ಹೀಗೆ ಹರಪನಹಳ್ಳಿ ಬಳ್ಳಾರಿಯೊಡನೆ ಮದರಾಸಿಗೆ ಸೇರಿತು. ಪೇಶ್ವೆ ಹೂಂ ಎಂದಿದ್ದರೆ 1818ರಲ್ಲಿ ಅವನು ಬಿದ್ದಾಗ ಅದೆಲ್ಲ ಧಾರವಾಡದ ಜೊತೆಗೆ ಮುಂಬಯಿಗೆ ಹೋಗಿರುತ್ತಿತ್ತು. ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ 1902ರಲ್ಲಿ ಹುಟ್ಟಿದ ನಿಜಲಿಂಗಪ್ಪನವರು ಗೆರೆಯ ಆಚೆ ಜನಿಸಿ, ಈಚೆ ಮೈಸೂರು ಸೀಮೆಯ ಚಿತ್ರದುರ್ಗದಲ್ಲಿ ವಕೀಲರಾಗಿ, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. ಗಡಿಯ ಎರಡು ದಂಡೆಗಳನ್ನೂ ಬಲ್ಲವರು ಅವರು.

ಶರಣರ ಕ್ಷೇತ್ರಗಳನ್ನು ಈ ನಕ್ಷೆಯ ಮೇಲಿಟ್ಟು ನೋಡಿದರೆ ಮನಸ್ಸು ಮುದುಡುತ್ತದೆ. ಏಕೀಕರಣಕ್ಕೆ ಮುಂಚೆ ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕನ ಉಡುತಡಿ ಮೈಸೂರಿನಲ್ಲಿ, ಬಾಗೇವಾಡಿ, ಕೂಡಲಸಂಗಮ, ಉಳವಿ ಮುಂಬಯಿಯಲ್ಲಿ, ಕಲ್ಯಾಣ ನಿಜಾಮನಲ್ಲಿ, ಶ್ರೀಶೈಲ ಮದರಾಸಿನಲ್ಲಿ. ಸಿದ್ಧರಾಮೇಶ್ವರರ ಸೊನ್ನಲಿಗೆಯೂ ಮುಂಬಯಿಯದೇ. ಈಗ ಮಹಾರಾಷ್ಟ್ರದ ಸೊಲ್ಲಾಪುರ. ಹಾಗೆಂದು ಒಂದೇ ಆಳ್ವಿಕೆಯಿದ್ದರೆ ಎಲ್ಲವೂ ಸುಖವಾಗಿರುತ್ತಿತ್ತೆನ್ನಲು ನಮಗೆ ಧೈರ್ಯವಿಲ್ಲ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಮನೆಮಠಗಳ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗಿತ್ತದ್ದು ಅರಸರ ಆಶ್ರಯದಲ್ಲಲ್ಲ, ಮರಾಠಿಯ ಭಾರ ಹೊತ್ತಿದ್ದ ನಾಡಿನಲ್ಲಿ. ಕಳೆದುಕೊಳ್ಳುವ ಭಯವೇ ಅವರನ್ನು ಎಬ್ಬಿಸಿತೆಂದು ನಮಗೆ ತೋರುತ್ತದೆ.

ಆದರೆ ಅಂಚಿನಲ್ಲಿ ಉಳಿದವರ ಸಂಗತಿ ಬೇರೆ. ಮಠದ ವಿದ್ಯಾರ್ಥಿನಿಲಯದಲ್ಲಿ ನಮ್ಮೊಡನೆ ಅಕ್ಕಲಕೋಟೆ ಕಡೆಯ ಒಬ್ಬ ಸಹಪಾಠಿ ಇದ್ದರು. ಮನೆಯ ಮಾತು ಕನ್ನಡ, ಕಲಿತ ಶಾಲೆ ಮರಾಠಿ. ಅಕ್ಷರ ಕೂಡಿಸಿ ಓದಲು ಬಾರದ ದಿನಗಳಲ್ಲಿಯೂ ಅವರಿಗೆ ನೂರಾರು ವಚನಗಳು ಕಂಠಸ್ಥವಾಗಿದ್ದವು. ತಾಯಿಯವರು ಬೀಸುವ ಕಲ್ಲಿನ ಮುಂದೆ ಹೇಳಿಕೊಟ್ಟವು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಜಾರಿಗೆ ಬರಲಿಲ್ಲ. ಈಚೆಗೆ ಅವರ ಮಗಳ ಮದುವೆಯ ಆಮಂತ್ರಣ ಪತ್ರಿಕೆ ಅಂಚೆಯಲ್ಲಿ ಬಂದಿತು. ಮೇಲ್ಗಡೆ ಬಸವಣ್ಣನವರ ಭಾವಚಿತ್ರ, ಕೆಳಗೆ ಎಲ್ಲವೂ ಮರಾಠಿ. ಬೆನ್ನ ಮೇಲೆ ಮಾತ್ರ ಅವರ ಕೈಬರಹದ ಎರಡು ಸಾಲು ಕನ್ನಡವಿತ್ತು: ಮಕ್ಕಳಿಗೆ ಲಿಪಿ ಬರುವುದಿಲ್ಲ, ವಚನಗಳನ್ನು ದೇವನಾಗರಿಯಲ್ಲಿ ಬರೆದುಕೊಟ್ಟಿದ್ದೇನೆ, ತಪ್ಪಿದ್ದರೆ ತಾವು ಬಂದು ತಿದ್ದಿಕೊಡಬೇಕು.