ಪಾಚಿ ಮೇಲೆ ಪಿಎಚ್‌ಡಿ ಮಾಡಬಹುದಾ?

ಕೆರೆ ಮೆಟ್ಟಿಲ ಮೇಲೆ ಕಾಲು ಜಾರಿಸುತ್ತಲ್ಲ, ಆ ಪಾಚಿ.
ಅದೇ ನಿಮಗೆ ಡಾಕ್ಟರೇಟ್ ತಂದುಕೊಡಬಹುದು, ಗೊತ್ತಾ?

ನಮ್ಮ ಸುತ್ತಲೇ ನೋಡಿ: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ.
ಇದು ಮಲಪ್ರಭಾ ನದಿಯ ಸೀಮೆ.
ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು,
ಅದರ ಹಿಂದೆ ರೇಣುಕಾ ಸಾಗರ.
ಊರೂರಿಗೂ ಕೆರೆ, ಬಾವಿ, ಕಾಲುವೆ.

ಈಗ ಈ ನೀರಿನ ಒಂದು ಹನಿಯನ್ನು
ಸೂಕ್ಷ್ಮದರ್ಶಕದಲ್ಲಿ ನೋಡೋಣ.
ಇದು ಅನಾಬೀನಾ. ಒಂದು ನೀಲಿ-ಹಸಿರು ಪಾಚಿ.
ವಿಜ್ಞಾನಿಗಳ ಮಾತಲ್ಲಿ ಸಯನೋಬ್ಯಾಕ್ಟೀರಿಯಾ.
ನೋಡೋಕೆ ಥೇಟ್ ಮಣಿಸರ!
ನಡುನಡುವೆ ಒಂದೊಂದು ದಪ್ಪ ಮಣಿ.
ಆ ಮಣಿಯೇ ಗೊಬ್ಬರದ ಕಾರ್ಖಾನೆ.
ಗಾಳಿಯ ಸಾರಜನಕ ಹಿಡಿದು,
ಜೀವಕ್ಕೆ ಬೇಕಾದ ಪೋಷಕಾಂಶ ಮಾಡುತ್ತೆ.

ಸುಮಾರು 240 ಕೋಟಿ ವರ್ಷಗಳ ಹಿಂದೆ
ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದೂ
ಇಂಥ ಪಾಚಿಗಳ ಪೂರ್ವಜರೇ.

ಆದರೆ ಎಚ್ಚರ!
ಚರಂಡಿ ನೀರು, ಹೊಲದ ಗೊಬ್ಬರ ಕೆರೆ ಸೇರಿದರೆ
ಪಾಚಿ ವಿಪರೀತ ಬೆಳೆಯುತ್ತೆ.
ಕೆಲವು ಜಾತಿಗಳು ವಿಷ ಬಿಡುತ್ತವೆ.
ಅದೇ ನೀರು ದನಕರು ಕುಡಿಯೋದು.
ಇಲ್ಲೇ ಸಂಶೋಧಕರು ಬೇಕು.

ದಾರಿ ಹೇಗೆ?
ಮೊದಲು ಸಸ್ಯಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್‌ಸಿ.
ಸಾಮಾನ್ಯವಾಗಿ 55% ಅಂಕ ಬೇಕು,
ಮೀಸಲಾತಿ ಇದ್ದವರಿಗೆ ರಿಯಾಯಿತಿ.
ಆಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ, ಜೀವವಿಜ್ಞಾನ ವಿಷಯದಲ್ಲಿ.
ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ
2023ರಿಂದ ತಿಂಗಳಿಗೆ 37,000 ರೂಪಾಯಿ.

ರಾಜ್ಯದಾಚೆ ಹೋಗಬೇಕಿಲ್ಲ.
ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ
ಸಸ್ಯಶಾಸ್ತ್ರ ವಿಭಾಗವೇ ಇದೆ.
ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ
ಸ್ಪಿರುಲಿನಾ ಪಾಚಿಯನ್ನು ಆಹಾರವಾಗಿಸಲು ದುಡಿದ ಸಂಸ್ಥೆ.
ಅರ್ಜಿಗೂ ಮುಂಚೆ, ಪಾಚಿ ಮೇಲೆ ಕೆಲಸ ಮಾಡುವ
ಮಾರ್ಗದರ್ಶಕರು ಯಾರೆಂದು ವಿಚಾರಿಸಿ.

ನಮ್ಮೂರ ಕೆರೆಯನ್ನು
ನಮ್ಮೂರ ಮಕ್ಕಳೇ ಓದಬೇಕು.
ಎಂಎಸ್‌ಸಿ ಓದುತ್ತಿರುವ ತಂಗಿ, ತಮ್ಮ ಇದ್ದರೆ
ಈ ವಿಡಿಯೊ ಇವತ್ತೇ ಕಳಿಸಿ.